ಅಪ್‌ಡೇಟ್: ಹಾಲ್‌ನ ಫ್ಯಾನ್ ಸರಿಯಾಯ್ತು, ತೊಂದ್ರೆ ರಿಮೋಟಲ್ಲಿ ಇರ್ಲಿಲ್ಲ

ಹೋದ ವಾರ ಕೇಳಿದ್ನಲ್ಲ, ಹಾಲ್‌ನ ಹೊಸ ಬಿಎಲ್‌ಡಿಸಿ (ಕಡಿಮೆ ಕರೆಂಟಲ್ಲಿ ಓಡೋ ಮೋಟರ್ ಇರೋ) ಫ್ಯಾನು ರಿಮೋಟಲ್ಲಿ 5 ಒತ್ತಿದ್ರೂ ಸ್ಪೀಡ್ ಏರಲ್ಲ, ಒಮ್ಮೊಮ್ಮೆ ತಾನಾಗೇ ನಿಂತು ಮತ್ತೆ ಶುರುವಾಗತ್ತೆ ಅಂತ, ಅದೀಗ ಸರಿಹೋಯ್ತು. ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.

ಮೊದ್ಲು ರಿಮೋಟ್ ನೋಡಿದೆ. ನಿಮ್ಮಲ್ಲೊಬ್ರು ಹೇಳಿದ ಹಾಗೆ ಮೊಬೈಲ್ ಸೆಲ್ಫಿ ಕ್ಯಾಮೆರಾ ಮುಂದೆ ಹಿಡಿದು ಬಟನ್ ಒತ್ತಿದ್ರೆ ತುದೀಲಿರೋ ಪುಟ್ಟ ಬಲ್ಬು ಸ್ಕ್ರೀನಲ್ಲಿ ಮಿನುಗ್ತು, ಅಂದ್ರೆ ರಿಮೋಟೂ ಸೆಲ್ಲೂ ಚೆನ್ನಾಗೇ ಇವೆ. ತೊಂದ್ರೆ ಇದ್ದಿದ್ದು ಗೋಡೆ ಮೇಲಿನ ಹಳೇ ರೆಗ್ಯುಲೇಟರಲ್ಲಿ! ಮೊದಲಿನ ಫ್ಯಾನಿಂದು ಹಾಗೇ ಬಿಟ್ಟಿದ್ವಿ, ಅಮ್ಮ ಅಭ್ಯಾಸಕ್ಕೆ ಅದನ್ನ 2ಕ್ಕೆ ತಿರುಗಿಸಿಡ್ತಿದ್ರು. ಈ ಫ್ಯಾನಲ್ಲಿ ಸ್ಪೀಡ್ ನೋಡ್ಕೊಳ್ಳೋ ಸರ್ಕ್ಯೂಟ್ ಒಳಗೇ ಇರತ್ತೆ, ಅದಕ್ಕೆ ಮನೆಗೆ ಬರೋ 230 ವೋಲ್ಟ್ ಪೂರ್ತಿ ಸಿಗ್ಬೇಕು, ಮಧ್ಯ ರೆಗ್ಯುಲೇಟರ್ ಕೂತು ತಗ್ಗಿಸಿದ್ರೆ ಒದ್ದಾಡತ್ತೆ, ಹೀಗೇ ಬಿಟ್ಟಿದ್ರೆ ಒಳಗಿನ ಬೋರ್ಡೇ ಹೋಗ್ಬಹುದಿತ್ತಂತೆ. ಎಲೆಕ್ಟ್ರಿಷಿಯನ್ ಅಣ್ಣ ಬಂದು ಮೇನ್ ಆಫ್ ಮಾಡಿ ರೆಗ್ಯುಲೇಟರ್ ಕಿತ್ತು ಸ್ವಿಚ್ಚಿಂದ ನೇರ ವೈರ್ ಕೊಟ್ರು, ಹತ್ತೇ ನಿಮಿಷದ ಕೆಲಸ.

ತಿರುಗುವಾಗ ಫ್ಯಾನ್ ಸ್ವಲ್ಪ ಅಲ್ಲಾಡತ್ತೆ ಅಂತಾನೂ ಆಗ ಹೇಳಿದ್ನಲ್ಲ, ಅದು ರೆಕ್ಕೆ ಮೇಲಿನ ಧೂಳು. ಒದ್ದೆ ಬಟ್ಟೆ ಚೆನ್ನಾಗಿ ಹಿಂಡಿ ಒರೆಸಿದೆ, ಸಿಗ್ನಲ್ ಹಿಡಿಯೋ ನಡುಭಾಗಕ್ಕೆ ಮಾತ್ರ ಒಣ ಬಟ್ಟೆ.

ಹಳೇ ಫ್ಯಾನು ಸುಮಾರು 75 ವಾಟ್ ತಿಂತಿತ್ತು, ಇದು ಫುಲ್ ಸ್ಪೀಡಲ್ಲೂ ಸುಮಾರು 30. ನನಗಂತೂ ಅಮ್ಮ ರಾತ್ರಿ ಎದ್ದು ಸ್ವಿಚ್‌ಬೋರ್ಡ್ ತಡಕಾಡೋದು ತಪ್ಪಿತಲ್ಲ ಅನ್ನೋದೇ ದೊಡ್ಡ ಸಮಾಧಾನ. ರಿಮೋಟ್ ಈಗ ಅವರ ದಿಂಬಿನ ಪಕ್ಕಾನೇ ಇರತ್ತೆ.