ಗ್ಯಾಲಗಾ: ಎಲ್‌ಇಡಿ ಟಿವಿಯಲ್ಲಿ ಗುಂಡು ಮಾಯ, ಫೈರ್ ತಡ. ಸೆಟ್ ಕೆಟ್ಟಿದೆಯಾ?

ಹಳೇಕ್ಯಾಸೆಟ್:
ಎಲ್ಲರಿಗೂ ನಮಸ್ಕಾರ. ತೊಂಬತ್ತರ ದಶಕದ ಟಿವಿ ಗೇಮ್ ಸೆಟ್ ಅಟ್ಟದಿಂದ ಇಳಿಸಿದ್ದೇನೆ, ನಿಂಟೆಂಡೋ ಕಂಪನಿಯ ಫ್ಯಾಮಿಕಾಮ್ ಸೆಟ್ಟಿನ ನಕಲು (ಕ್ಲೋನ್). ಮಲ್ಟಿ ಕ್ಯಾಸೆಟ್‌ನಲ್ಲಿರೋ ಗ್ಯಾಲಗಾ, ಅದೇ ವಿಮಾನದಿಂದ ಹುಳುಗಳಂಥ ಶತ್ರುಗಳನ್ನು ಹೊಡೆಯೋ ಆಟ, ಓಡುತ್ತಿದೆ, ಆದರೆ ಹೊಸ ಎಲ್‌ಇಡಿ ಟಿವಿಯಲ್ಲಿ ಚಿತ್ರ ಕಪ್ಪು-ಬಿಳುಪು. ಬಟನ್ ಒತ್ತಿದರೆ ಫೈರ್ ತಡ. ತಾನಾಗೇ ಒಂದರ ಹಿಂದೊಂದು ಹೊಡೆಯೋ ಟರ್ಬೋ ಬಟನ್ ಹಿಡಿದುಕೊಂಡರೂ ಕೆಲವು ಸಲ ಗುಂಡೇ ಹೊರಡಲ್ಲ. ಎಲ್ಲಕ್ಕಿಂತ ಬೇಜಾರು, ಎರಡು ಅಕ್ಕಪಕ್ಕ ಸೇರಿ ಹಾರೋ ಜೋಡಿ ವಿಮಾನ ಸಿಕ್ಕಾಗ ಶತ್ರುವಿನ ಗುಂಡು ಕಣ್ಣಿಗೇ ಬೀಳದೆ ಸಾಯುತ್ತೇನೆ. ಕ್ಯಾಸೆಟ್ ಪಿನ್ನುಗಳನ್ನು ಸ್ಪಿರಿಟ್ ಹಾಕಿ ಒರೆಸಿದ್ದಾಯಿತು. ಸೆಟ್ ಬಿಚ್ಚಬೇಕಾ?

ಬೆಸುಗೆಕಡ್ಡಿ:
ಬಿಚ್ಚಬೇಡಿ ಸಾರ್, ನೀವು ಹೇಳಿದ್ದರಲ್ಲಿ ಸೆಟ್ಟಿನ ದೋಷ ಒಂದೂ ಕಾಣುತ್ತಿಲ್ಲ.

ಬಣ್ಣದ್ದು ಸುಲಭ. ಈಗಿನ ಬಹಳ ಟಿವಿಗಳಲ್ಲಿ ಸೆಟ್ಟಿನ ಚಿತ್ರ ತರೋ ಹಳದಿ ಪಿನ್ನು ಹಸಿರು ತೂತಿಗೇ ಹೋಗಬೇಕು. ಅಲ್ಲಿ ಹಾಕಿ ಟಿವಿ ಮೆನುವಿನಲ್ಲಿ ಇನ್‌ಪುಟ್ ಮಾತ್ರ ಕಾಂಪೊನೆಂಟ್‌ನಲ್ಲಿದ್ದರೆ (ಮೂರು ವೈರಿನಲ್ಲಿ ಚಿತ್ರ ಬರೋ ಬಗೆ) ಬಣ್ಣ ಬರಲ್ಲ. ಎವಿ ಆರಿಸಿ.

ಟರ್ಬೋದು ತೊಂದರೆಯೇ ಅಲ್ಲ. ಗ್ಯಾಲಗಾದಲ್ಲಿ ಒಂದು ವಿಮಾನದ ಎರಡು ಗುಂಡು ಮಾತ್ರ ಪರದೆ ಮೇಲಿರಬಹುದು. ಅವು ಯಾರಿಗಾದರೂ ತಾಗಬೇಕು ಇಲ್ಲವೇ ಮೇಲೆ ದಾಟಿ ಹೋಗಬೇಕು, ಆಮೇಲೇ ಮೂರನೆಯದು. ಈ ಆಟದ ಸೊಗಸೇ ಅದು, ಗುರಿ ನೋಡಿ ಹೊಡೆದವನಿಗೆ ಮಾತ್ರ ಬೇಗ ಬೇಗ ಗುಂಡು ಸಿಗುತ್ತದೆ. ಟರ್ಬೋ ಬಿಟ್ಟು ಆಡಿ.

ತಡ ನಿಜವಾ ಅಂತ ಹೀಗೆ ನೋಡಿ: ಆಡಿಯೋ ವೈರನ್ನು ಟಿವಿಯಿಂದ ತೆಗೆದು ಬೇರೆ ಸ್ಪೀಕರ್‌ಗೆ ಕೊಡಿ. ಫೈರ್ ಸದ್ದು ಮೊದಲು ಕೇಳಿ, ಗುಂಡು ಆಮೇಲೆ ಕಂಡರೆ ತಡ ಮಾಡುತ್ತಿರೋದು ಟಿವಿ. ಟಿವಿ ಸೆಟ್ಟಿಂಗ್‌ನಲ್ಲಿ ತಡ ಕಡಿಮೆ ಮಾಡೋ ಗೇಮ್ ಮೋಡ್ ಹಾಕಿ.

ಹಳೇಕ್ಯಾಸೆಟ್:
ಬಣ್ಣ ಬಂತು! ಸದ್ದು ಮೊದಲೇ ಕೇಳಿಸಿತು, ಗೇಮ್ ಮೋಡ್ ಹಾಕಿದ ಮೇಲೆ ಹೆಚ್ಚುಕಮ್ಮಿ ಸರಿಯಾಯಿತು. ಗುಂಡು ಮಾತ್ರ ಈಗಲೂ ಮಾಯ. ಸರಿಯಾಗಿ ನೋಡಿದರೆ ಕೆಲವು ಗುಂಡು ಬಾಚಣಿಗೆ ಹಲ್ಲಿನ ಹಾಗೆ ಗೆರೆಗೆರೆಯಾಗಿ ಕಾಣುತ್ತವೆ.

ರಾಸ್ಟರ್:
ಆ ಗೆರೆಗಳಲ್ಲೇ ಉತ್ತರ ಇದೆ. ಫ್ಯಾಮಿಕಾಮ್‌ನ ಚಿತ್ರದ ಚಿಪ್ಪು ಒಂದು ಅಡ್ಡ ಸಾಲಿನಲ್ಲಿ ಎಂಟೇ ಸ್ಪ್ರೈಟ್ (ಓಡಾಡುವ ಚಿತ್ರದ ಸಣ್ಣ ತುಂಡು) ತೋರಿಸಬಲ್ಲದು, ಒಂದೊಂದರ ಅಗಲ 8 ಪಿಕ್ಸೆಲ್. ವಿಮಾನವಾಗಲಿ ಹುಳುವಾಗಲಿ ಒಂದಕ್ಕೆ ಎರಡರಂತೆ, ಜೋಡಿ ವಿಮಾನಕ್ಕೇ ನಾಲ್ಕು ಬೇಕು. ಪಕ್ಕದಲ್ಲಿ ಎರಡು ಹುಳು ಇಳಿದರೆ ಎಂಟೂ ಮುಗಿಯಿತು, ಗುಂಡಿಗೆ ಜಾಗವಿಲ್ಲ. ಇಂಥ ಕಡೆ ಗೇಮ್‌ಗಳು ಸರದಿ ಹಾಕುತ್ತವೆ: ಈ ಫ್ರೇಮ್‌ನಲ್ಲಿ (ಪರದೆಗೆ ಒಂದರ ಹಿಂದೊಂದು ಬರುವ ಚಿತ್ರಗಳಲ್ಲಿ ಒಂದು) ಬಿಟ್ಟಿದ್ದನ್ನು ಮುಂದಿನ ಫ್ರೇಮ್‌ನಲ್ಲಿ ತೋರಿಸುವುದು. ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಅದು ಬರೀ ಮಿನುಗು, ಗುಂಡು ಕಣ್ಣಿಗೆ ಸಿಕ್ಕೇ ಸಿಗುತ್ತದೆ.

ಸೆಟ್ ಕಳಿಸುವುದು 240 ಸಾಲಿನ ಪೂರ್ತಿ ಚಿತ್ರ. ಎಷ್ಟೋ ಎಲ್‌ಇಡಿ ಟಿವಿಗಳು ಅದನ್ನು ಇಂಟರ್‌ಲೇಸ್ (ಒಂದು ಬಿಟ್ಟು ಒಂದು ಸಾಲನ್ನು ಎರಡು ಕಂತಿನಲ್ಲಿ ಕಳಿಸುವ) ಚಿತ್ರದ ಅರ್ಧ ಎಂದುಕೊಂಡು ಎರಡೆರಡನ್ನು ಹೆಣೆಯುತ್ತವೆ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಗುಂಡು ಗೆರೆಗೆರೆಯಾಗುತ್ತದೆ. ಟಿವಿ ಒಂದು ಚಿತ್ರವನ್ನು ಕೈಬಿಟ್ಟರೆ ಪೂರ್ತಿ ಮಾಯ. ಗೇಮ್ ಮೋಡ್‌ನಿಂದ ಇದು ಹೋಗಲೇಬೇಕೆಂದಿಲ್ಲ.

ಇನ್ನೊಂದು ಮಾತು. 1981ರ ನಾಮ್ಕೋ ಆರ್ಕೇಡ್ ಯಂತ್ರದಲ್ಲಿ ಪರದೆ ಉದ್ದಕ್ಕೆ ನಿಂತಿತ್ತು, 224 ಅಗಲ, 288 ಎತ್ತರ. 1985ರ ಫ್ಯಾಮಿಕಾಮ್ ಆವೃತ್ತಿಗೆ ಸಿಕ್ಕಿದ್ದು 256 ಅಗಲ, 240 ಎತ್ತರ. ಮೇಲಿಂದ ಬೀಳುವ ಗುಂಡಿಗೂ ನಿಮಗೂ ನಡುವೆ ಜಾಗವೇ ಕಡಿಮೆ. ಆದ್ದರಿಂದ ಟಿವಿಯ ಸಣ್ಣ ತಡವೂ ಇಲ್ಲಿ ಜೀವಕ್ಕೇ ಬರುತ್ತದೆ. ಅಷ್ಟು ಇಕ್ಕಟ್ಟಿನಲ್ಲೂ ಆಟದ ಲಯ ಉಳಿಸಿಕೊಂಡಿದ್ದಾರಲ್ಲ, ಆ ಕೆಲಸದ ಬಗ್ಗೆ ನನಗೆ ತುಂಬಾ ಗೌರವ.

ಹಳೇಕ್ಯಾಸೆಟ್:
ಅತ್ತೆ ಮನೆಯ ಡಬ್ಬಾ ಟಿವಿಗೆ ಹಾಕಿ ನೋಡಿದೆ. ನೀವು ಹೇಳಿದ ಹಾಗೇ, ಗುಂಡು ಮಿನುಗುತ್ತದೆ ಆದರೆ ಎಲ್ಲವೂ ಕಾಣುತ್ತದೆ! ಆ ಟಿವಿ ಮನೆಗೆ ತರಲು ಜಾಗವಿಲ್ಲ. ಅಂಗಡಿಯಲ್ಲಿ ಸಿಗೋ ಅಗ್ಗದ ಎವಿ-ಎಚ್‌ಡಿಎಂಐ ಡಬ್ಬಿ ಸಾಕಾ?

ರಾಸ್ಟರ್:
ಅದಕ್ಕೆ ದುಡ್ಡು ಹಾಕಬೇಡಿ. ಅಂಥವು ಸಾಮಾನ್ಯವಾಗಿ ಇದೇ ಹೆಣಿಗೆ ಮಾಡುತ್ತವೆ, ಮೇಲೆ ತಡವನ್ನೂ ಸೇರಿಸುತ್ತವೆ. ಬೇಕಾಗಿರೋದು ಲೈನ್ ಡಬ್ಲರ್: ಚಿತ್ರ ಹೆಣೆಯದೆ, ಬಂದ ಪ್ರತಿ ಸಾಲನ್ನೂ ಎರಡು ಸಲ ಕಳಿಸುವಂಥದ್ದು. ಕೊಳ್ಳುವ ಮುಂಚೆ ಎರಡು ಕೇಳಿ. 240ಪಿಯನ್ನು (ಆ 240 ಸಾಲಿನ ಪೂರ್ತಿ ಚಿತ್ರವನ್ನು) 240ಪಿ ಎಂದೇ ಗುರುತಿಸುತ್ತದಾ? ಹಳದಿ ಪಿನ್ನಿನ ಕಾಂಪೊಸಿಟ್‌ನಲ್ಲಿ ಪಾಲ್ 50 ಹರ್ಟ್ಸ್ (ಸೆಕೆಂಡಿಗೆ 50 ಸಲ ಚಿತ್ರ ಬರುವ ಟಿವಿ ಪದ್ಧತಿ) ತಗೊಳ್ಳುತ್ತದಾ? ನಿಮ್ಮ ಸೆಟ್ ಪಾಲ್ ಆಗಿದ್ದರೆ ಎರಡನೆಯದು ಇಲ್ಲದೆ ಚಿತ್ರ ಸರಿಯಾಗಿ ಬರಲ್ಲ. ನಿಮ್ಮ ಟಿವಿ ಎಚ್‌ಡಿಎಂಐನಲ್ಲಿ 50 ಹರ್ಟ್ಸ್ ಒಪ್ಪುತ್ತದಾ ಅಂತಲೂ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ.

ಹಳೇಕ್ಯಾಸೆಟ್:
ಮ್ಯಾನ್ಯುಯಲ್‌ನಲ್ಲಿ 50 ಮತ್ತು 60 ಎರಡೂ ಇದೆ. ಲೈನ್ ಡಬ್ಲರ್ ತರಿಸುತ್ತೇನೆ, ಇಬ್ಬರಿಗೂ ತುಂಬಾ ಧನ್ಯವಾದ.