ಎಪ್ಪತ್ತು ದಾಟಿದವರ ಕಾರ್ಡಿನ ಜಗಳ: ಕಾಕಾಗೆ, ಮಾವನಿಗೆ, ಬೆಂಗಳೂರಿನ ತಮ್ಮನಿಗೆ

ಕಾಕಾ, ನಮಸ್ಕಾರ. ಮಾವ, ನಿಮಗೂ. ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗುತ್ತದೆ, ಅದಕ್ಕೇ ಮಾತಾಡಿಬಿಡುತ್ತೇನೆ. ಉದ್ದ ಆಗುತ್ತದೆ, ಊಟ ಮಾಡುತ್ತಾ ಕೇಳಿ.

ಬೆಳಿಗ್ಗೆಯಿಂದ ಮೊಬೈಲ್ ನೋಡದವರಿಗೆ ವಿಷಯ ಹೇಳಿಬಿಡುತ್ತೇನೆ. ಕಾಕಾ ನಮ್ಮ ಮನೆಯವರ ಈ ಗುಂಪಿನಲ್ಲಿ ಒಂದು ಪೋಸ್ಟರ್ ಹಾಕಿದ್ದರು. ಎಪ್ಪತ್ತು ದಾಟಿದ ಎಲ್ಲರಿಗೂ ಕೇಂದ್ರ 5 ಲಕ್ಷದ ಚಿಕಿತ್ಸೆ ಕೊಟ್ಟಿದೆ, ರಾಜ್ಯದವರು ಅಡ್ಡಗಾಲು ಹಾಕಿದ್ದಾರೆ ಅಂತ. ಮಾವ ಅದಕ್ಕೆ, ಹೆಸರು ದಿಲ್ಲಿಯದು, ದುಡ್ಡು ನಮ್ಮದು ಅಂದರು. ಬೆಂಗಳೂರಿನ ತಮ್ಮ, ಪಿಂಚಣಿ ಬರುವ ಸಾಹುಕಾರರಿಗೂ ಯಾಕೆ ಪುಕ್ಕಟೆ, ನಾವು ಟ್ಯಾಕ್ಸ್ ಕಟ್ಟುವುದು ಇದಕ್ಕಾ ಅಂದ. ಅಲ್ಲಿಂದ ಮುಂದೆ ಬರೀ ಕೆಂಪು ಮುಖದ ಇಮೋಜಿಗಳು.

ನಾನು ಊರಿನ ಸರ್ಕಾರಿ ಸೇವಾ ಕೇಂದ್ರ ಗ್ರಾಮ ಒನ್‌ನಲ್ಲಿ ಕೂತು ಇವೇ ಕಾರ್ಡುಗಳ ಅರ್ಜಿ ನೋಡುವವನು. ಯಾವ ಪಕ್ಷದ ಪರವೂ ಅಲ್ಲ. ನಂಬದಿದ್ದರೆ ಬಿಡಿ.

ಮೊದಲು ಕಾಕಾ. ಯೋಜನೆ ನಿಜ. ಆಯುಷ್ಮಾನ್ ಭಾರತ್ 2018ರ ಸೆಪ್ಟೆಂಬರ್‌ನಲ್ಲಿ ಬಂತು. ಎಪ್ಪತ್ತು ದಾಟಿದ ಎಲ್ಲರಿಗೂ, ಬಡವ ಶ್ರೀಮಂತ ಅಂತ ನೋಡದೆ ಕೊಡುವುದಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತು, ಅಕ್ಟೋಬರ್ 29ಕ್ಕೆ ಶುರು ಮಾಡಿದರು. ಕಾರ್ಡಿನ ಹೆಸರು ಆಯುಷ್ಮಾನ್ ವಯ ವಂದನಾ. ಆದರೆ ಪೋಸ್ಟರಿನಲ್ಲಿ ಬರೆಯದ ಒಂದು ಮಾತಿದೆ. ಇದರ ಖರ್ಚು ನಮ್ಮಂಥ ರಾಜ್ಯಗಳಲ್ಲಿ 60:40. ನೂರರಲ್ಲಿ 40 ರಾಜ್ಯವೇ ಹಾಕಬೇಕು. ಅಂದಮೇಲೆ ರಾಜ್ಯ ಲೆಕ್ಕ ಕೇಳುವುದರಲ್ಲಿ ತಪ್ಪೇನಿದೆ?

ಇನ್ನು ಮಾವ. ನಿಮ್ಮ ಮಾತೂ ಅರ್ಧವೇ. ನಮ್ಮ ರಾಜ್ಯದಲ್ಲಿ 2018ರಿಂದ ಕೇಂದ್ರದ ಯೋಜನೆ, ರಾಜ್ಯದ ಯೋಜನೆ ಎರಡೂ ಸೇರಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅಂತ ನಡೆದಿದೆ. ಕೇಂದ್ರ ತನ್ನ ಪಾಲು ಕೊಟ್ಟಿದ್ದು 2011ರ ಸಾಮಾಜಿಕ ಆರ್ಥಿಕ ಗಣತಿಯ ಪಟ್ಟಿ ನೋಡಿ. ನಮ್ಮಲ್ಲಿ ಬಿಪಿಎಲ್ ಕಾರ್ಡು ಇರುವ ಮನೆಗಳು ಆ ಪಟ್ಟಿಗಿಂತ ಎಷ್ಟೋ ಜಾಸ್ತಿ. ಉಳಿದವರ ಖರ್ಚು ರಾಜ್ಯವೇ ಹೊರುತ್ತದೆ. ಇದು ನೀವು ಹೇಳಿದ್ದು, ಸರಿ. ಆದರೆ ಎಪಿಎಲ್ ಮನೆಯ ಅಜ್ಜನಿಗೆ ಈ ರಾಜ್ಯ ಯೋಜನೆಯಲ್ಲಿ ಸಿಗುವುದು ಪ್ಯಾಕೇಜಿನ, ಅಂದರೆ ಸರ್ಕಾರ ಆ ಚಿಕಿತ್ಸೆಗೆ ಗೊತ್ತು ಮಾಡಿದ ದರದ, 30 ಪರ್ಸೆಂಟ್ ಮಾತ್ರ, ಅದೂ ಇಡೀ ಮನೆಗೆ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಅದನ್ನು ನೀವು ಹೇಳಲಿಲ್ಲ.

ಇದೇನು ನಮ್ಮಲ್ಲಿ ಮಾತ್ರ ನಡೆದ ಜಗಳ ಅಲ್ಲ. ಯೋಜನೆ ಶುರು ಮಾಡಿದ ದಿನವೇ ಪ್ರಧಾನಿ, ದಿಲ್ಲಿ ಮತ್ತು ಪಶ್ಚಿಮ ಬಂಗಾಳದ ಹಿರಿಯರ ಕ್ಷಮೆ ಕೇಳಿದ್ದರು, ನಿಮ್ಮ ಸರ್ಕಾರಗಳು ಸೇರಿಲ್ಲ, ನಾನೇನು ಮಾಡಲಿ ಅನ್ನುವ ಹಾಗೆ. ದಿಲ್ಲಿಯಲ್ಲಿ ಸರ್ಕಾರ ಬದಲಾಯಿತು, 2025ರ ಏಪ್ರಿಲ್‌ನಲ್ಲಿ ಸಹಿ ಬಿತ್ತು. ಮುದುಕರ ಕಾಯಿಲೆ ಅದೇ, ಆಸ್ಪತ್ರೆ ಅದೇ. ಬದಲಾಗಿದ್ದು ಕುರ್ಚಿಯಲ್ಲಿ ಕೂತವರು.

ಈಗ ತಮ್ಮಾ, ನಿನಗೆ. ಶ್ರೀಮಂತರಿಗೆ ಯಾಕೆ ಅಂತ ಕೇಳಿದೆಯಲ್ಲ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಇಲ್ಲಿ ಕೌಂಟರಿನಲ್ಲಿ ಕೂತು ನೋಡಿದರೆ ಬೇರೆಯೇ ಕಾಣುತ್ತದೆ. ಮಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾನೆ, ಲೋನಿಗೆ ಬೇಕು ಅಂತ ಐಟಿ ರಿಟರ್ನ್ಸ್ ಹಾಕುತ್ತಾನೆ. ಹೆಸರು ಮಾತ್ರ ಊರಿನ ರೇಷನ್ ಕಾರ್ಡಿನಲ್ಲೇ ಇರುತ್ತದೆ. ಒಂದು ದಿನ ಆ ಕಾರ್ಡು ಎಪಿಎಲ್ ಆಗುತ್ತದೆ. 2024ರ ನವೆಂಬರ್‌ನಲ್ಲಿ ಹೀಗೇ ಬಿಪಿಎಲ್ ಕಾರ್ಡು ರದ್ದಾಗಿ ಎಷ್ಟು ಗದ್ದಲ ಆಯಿತು, ನೆನಪಿದೆಯಾ? ಮಗನ ಸಂಬಳ ಮಗನ ಹತ್ತಿರವೇ ಇರುತ್ತದೆ. ಅವ್ವನ ಕೈಗೆ ಬರುವುದು ಹಬ್ಬಕ್ಕೊಂದು ಸೀರೆ. ಆದರೆ ಆಸ್ಪತ್ರೆ ಲೆಕ್ಕದಲ್ಲಿ ಅವಳು ಸಾಹುಕಾರ್ತಿ! ವಯಸ್ಸು ಒಂದನ್ನೇ ನೋಡಿ ಕೊಟ್ಟರೆ ಈ ರಗಳೆ ಇಲ್ಲ. ನಾಲ್ಕು ಜನ ಶ್ರೀಮಂತರೂ ಬರುತ್ತಾರೆ, ಬರಲಿ ಬಿಡು. ಅವರು ಹೇಗೂ ಜನರಲ್ ವಾರ್ಡಿನಲ್ಲಿ ಮಲಗುವವರಲ್ಲ.

ಪುಕ್ಕಟೆ ಕೊಟ್ಟರೆ ಏನು ಉಪಯೋಗ ಅಂತಲೂ ನೀನು ಕೇಳಿದ್ದೆ. 2010ರಲ್ಲಿ ಬಡವರ ದೊಡ್ಡ ಕಾಯಿಲೆಗಳಿಗೆ ಪುಕ್ಕಟೆ ಚಿಕಿತ್ಸೆ ಕೊಡುವ ರಾಜ್ಯದ ಯೋಜನೆ ವಾಜಪೇಯಿ ಆರೋಗ್ಯಶ್ರೀ ಬಂದಾಗ ಮೊದಲು ಕೊಟ್ಟಿದ್ದು ನಮ್ಮ ಉತ್ತರ ಕರ್ನಾಟಕಕ್ಕೇ. ಯೋಜನೆ ಬಂದ ಹಳ್ಳಿಗಳನ್ನೂ, ಯೋಜನೆಯ ಗಡಿಯ ಆಚೆ ಅದು ಇನ್ನೂ ಬಾರದ ಹಳ್ಳಿಗಳನ್ನೂ ಹೋಲಿಸಿ ನೋಡಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿದೆ. ಯೋಜನೆ ಇದ್ದ ಕಡೆ ಬಡವರ ಮನೆಗಳಲ್ಲಿ ಆ ಕಾಯಿಲೆಗಳಿಂದ ಸತ್ತವರು ಕಡಿಮೆ, ಆಸ್ಪತ್ರೆಗೆ ಕೈಯಿಂದ ಹಾಕಿದ ದುಡ್ಡೂ ಕಡಿಮೆ. ಕೆಎಎಸ್‌ಗೆ ಓದುವಾಗ ಸಿಕ್ಕಿದ್ದು. ಪಾಸಾಗಲಿಲ್ಲ, ಇದಾದರೂ ಉಳಿಯಿತು.

ಹಾಗಂತ ಕಾರ್ಡು ಸಿಕ್ಕಿದರೆ ಎಲ್ಲ ಆಯಿತು ಅಂತ ಕಾಕಾ, ಮಾವ ಇಬ್ಬರೂ ತಿಳಿದಂತಿದೆ. ನನ್ನ ಸಿಟ್ಟು ಅಲ್ಲೇ. ಆ 5 ಲಕ್ಷ ಅಡ್ಮಿಟ್ ಆದರೆ ಮಾತ್ರ. ಅಡ್ಮಿಟ್ ಆಗುವ ಮೂರು ದಿನ ಮೊದಲಿನ ಟೆಸ್ಟು, ಡಿಸ್ಚಾರ್ಜ್ ಆದ ಮೇಲೆ ಹದಿನೈದು ದಿನದ ಔಷಧಿ, ಅಷ್ಟು ಸೇರುತ್ತದೆ. ಹದಿನಾರನೇ ದಿನ? ಕೈಯಿಂದಲೇ. ಹೊರರೋಗಿ ಚೀಟಿ ಮಾಡಿಸಿ ತೋರಿಸಿ ಬರುವುದಕ್ಕೆ ಈ ಕಾರ್ಡು ನಡೆಯುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಎಪ್ಪತ್ತು ದಾಟಿದ್ದರೆ 5 ಲಕ್ಷ ಇಬ್ಬರಿಗೂ ಸೇರಿ, ಒಬ್ಬೊಬ್ಬರಿಗೆ ಅಲ್ಲ.

ನಮ್ಮ ಮನೆಯ ಹಿರಿಯರನ್ನೇ ತಗೊಳ್ಳಿ. ಅವರ ದುಡ್ಡು ಎಲ್ಲಿ ಹೋಗುತ್ತದೆ? ಬಿಪಿ ಮಾತ್ರೆ, ಸಕ್ಕರೆ ಮಾತ್ರೆ, ಮೊಣಕಾಲಿನ ಮುಲಾಮು, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಗಂಗಾವತಿಗೆ ಹೋಗಿ ಬರುವ ಆಟೋ. ಮುದುಕರ ಪಿಂಚಣಿ ಸಂಧ್ಯಾ ಸುರಕ್ಷಾ ಬರುವುದು ತಿಂಗಳಿಗೆ 1,200. ಅವ್ವನ ಮಾತ್ರೆಗೇ ಅದು ಸಾಲುವುದಿಲ್ಲ. ಅದಕ್ಕೆ ಎಷ್ಟೋ ಜನ ದಿನಾ ನುಂಗುವ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಾರೆ. ಕೇಳಿದರೆ ಈಗ ಆರಾಮ ಇದ್ದೇನಪ್ಪ ಅನ್ನುತ್ತಾರೆ. ಹೀಗೆ ಉಳಿಸಿದ ಮೇಲೆ ಒಂದು ದಿನ ಲಕ್ವಾ ಹೊಡೆಯುತ್ತದೆ. ಆಗ ಬರುತ್ತದೆ ನೋಡಿ 5 ಲಕ್ಷ! ಬೇಲಿ ಹಾಕುವುದಕ್ಕೆ ದುಡ್ಡಿಲ್ಲ, ದನ ಮೇಯ್ದ ಮೇಲೆ ಪರಿಹಾರ ಅಂದ ಹಾಗೆ.

ಮಾತ್ರೆ ವಿಷಯದಲ್ಲೂ ಪಕ್ಷದ ಜಗಳವೇ ಆಯಿತು. 2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆ ಆವರಣದಲ್ಲಿ ಕಡಿಮೆ ದರಕ್ಕೆ ಮಾತ್ರೆ ಮಾರುವ, ಕೇಂದ್ರದ ಯೋಜನೆಯ ಜನೌಷಧಿ ಅಂಗಡಿಗಳನ್ನು ಮುಚ್ಚಬೇಕು ಅಂತ ರಾಜ್ಯ ಆದೇಶ ಮಾಡಿತು. ಆಸ್ಪತ್ರೆಯಲ್ಲೇ ಪುಕ್ಕಟೆ ಔಷಧಿ ಕೊಡುವಾಗ ಅಂಗಡಿ ಯಾಕೆ ಅನ್ನುವುದು ಅವರ ವಾದ. ಅಂಗಡಿಯವರು ಹೈಕೋರ್ಟಿಗೆ ಹೋದರು. ವಾದ ಚೆನ್ನಾಗಿದೆ ಮಾವ, ಆದರೆ ಪುಕ್ಕಟೆ ಕೊಡುವ ಕಡೆ ಸ್ಟಾಕ್ ಇಲ್ಲದ ದಿನ ಮುದುಕ ಎಲ್ಲಿಗೆ ಹೋಗಬೇಕು? ರಾಜ್ಯದ್ದೇ ಒಳ್ಳೆಯ ಕೆಲಸವೊಂದಿದೆ, ಅದನ್ನು ನೀವು ಹೇಳುವುದೇ ಇಲ್ಲ. ಗೃಹ ಆರೋಗ್ಯ ಅಂತ 2024ರಲ್ಲಿ ಕೋಲಾರದಿಂದ ಶುರು ಮಾಡಿದರು. ಮನೆಗೆ ಬಂದು ಬಿಪಿ, ಸಕ್ಕರೆ ನೋಡಿ ಮಾತ್ರೆ ಕೊಡುವುದು. ಮುದುಕರಿಗೆ ನಿಜವಾಗಿ ಬೇಕಾದ್ದು ಇದು. ಆದರೆ ಇದಕ್ಕೆ ಕಾರ್ಡಿಲ್ಲ, ಕಾರ್ಡಿನ ಮೇಲೆ ಫೋಟೋ ಇಲ್ಲ. ಅದಕ್ಕೇ ಇರಬೇಕು, ಯಾರೂ ಪೋಸ್ಟರ್ ಮಾಡಿ ಹಂಚುವುದಿಲ್ಲ.

ದೂರದ ಮಾತು ಒಂದಿಷ್ಟು. ಎಲ್ಲಿ ಬೇಕಾದರೂ ತೋರಿಸಬಹುದು ಅನ್ನುತ್ತದೆ ಪೋಸ್ಟರು. ಹಾರ್ಟಿನದಾದರೆ ನಮಗೆ ಕಲಬುರಗಿಯ ಜಯದೇವ ಆಸ್ಪತ್ರೆ, ಇಲ್ಲ ಹುಬ್ಬಳ್ಳಿ, ಇಲ್ಲ ಬೆಂಗಳೂರು. ರಾಯಚೂರಿನವರು ಹೈದರಾಬಾದ್ ರೈಲು ಹತ್ತುತ್ತಾರೆ. ಕೇಂದ್ರದ ದೊಡ್ಡ ಆಸ್ಪತ್ರೆ ಏಮ್ಸ್ ಬೇಕು ಅಂತ ಅವರು 2022ರ ಮೇಯಲ್ಲಿ ಧರಣಿ ಕೂತಿದ್ದು ಸಾವಿರ ದಿನ ದಾಟಿತು. ಆ ಧರಣಿ ಬಗ್ಗೆ ಈ ಗುಂಪಿನಲ್ಲಿ ಒಂದು ಫಾರ್ವರ್ಡ್ ಬಂದಿದ್ದು ನಾನು ನೋಡಿಲ್ಲ.

ಇನ್ನೊಂದು, ನಮ್ಮ ಕಡೆಯದೇ ತೊಂದರೆ. ಎಪ್ಪತ್ತು ಆಗಿದೆಯೋ ಇಲ್ಲವೋ ಅಂತ ಹೇಳುವುದು ಆಧಾರ್. ಆಧಾರ್ ಮಾಡಿಸುವಾಗ ನಮ್ಮ ಹಿರಿಯರಿಗೆ ಹುಟ್ಟಿದ ತಾರೀಖು ಎಲ್ಲಿತ್ತು? ಅಂದಾಜಿಗೆ ಒಂದು ವರ್ಷ ಹೇಳಿದರು, ಜನವರಿ 1 ಅಂತ ಬಿತ್ತು. ಮೊನ್ನೆ ಒಬ್ಬ ಅಜ್ಜಿ ಬಂದಿದ್ದರು. ನಿಜಾಮನ ಕಾಲದ ರಜಾಕಾರರ ಹಾವಳಿಯಲ್ಲಿ ಅವರ ಅವ್ವ ಇವರನ್ನು ಕಂಕುಳಲ್ಲಿ ಎತ್ತಿಕೊಂಡು ಹೊಳೆ ದಾಟಿ ಹೊಸಪೇಟೆ ಕಡೆ ಓಡಿದ್ದರಂತೆ. ಅಂದರೆ 1948. ಎಪ್ಪತ್ತೈದು ಎಂದೋ ದಾಟಿರಬೇಕು. ಆಧಾರ್‌ನಲ್ಲಿ 66! ಇನ್ನೊಬ್ಬರು ತುಂಗಭದ್ರಾ ಡ್ಯಾಮಿಗೆ ನೀರು ನಿಂತಾಗ ನಾನು ದನ ಕಾಯುತ್ತಿದ್ದೆ ಅನ್ನುತ್ತಾರೆ. ಅದು 1953. ಅವರಿಗೂ ಕಾರ್ಡು ಬರುವುದಿಲ್ಲ. ಕಂಪ್ಯೂಟರಿಗೆ ರಜಾಕಾರರೂ ಗೊತ್ತಿಲ್ಲ, ಡ್ಯಾಮೂ ಗೊತ್ತಿಲ್ಲ. ಹುಟ್ಟಿದ ತಾರೀಖು ತಿದ್ದುವುದಕ್ಕೆ ದಾಖಲೆ ಬೇಕು, ಅವಕಾಶ ಇರುವುದು ಒಂದೇ ಸಲ. ಗದ್ದೆ ನಾಟಿ ಮಾಡಿ ಹೆಬ್ಬೆಟ್ಟು ಸವೆದವರಿಗೆ ಥಂಬ್ ಕೂಡ ಬೀಳುವುದಿಲ್ಲ, ಕಣ್ಣು ತೋರಿಸಿ ಮಾಡಬೇಕು.

ಕಾಕಾ, ನಿಮ್ಮ ಪಕ್ಷದ ಮುಖಂಡರು ಬಂದಾಗ ಈ ಆಧಾರ್ ವಯಸ್ಸಿನ ವಿಷಯ ಹಾಕಿ. ದಿಲ್ಲಿಯಲ್ಲಿ ಆಗಬೇಕಾದ ಕೆಲಸ ಅದು. ಮಾವ, ನಿಮ್ಮವರು ಬಂದಾಗ ಪಿಎಚ್‌ಸಿಯಲ್ಲಿ ಬಿಪಿ, ಸಕ್ಕರೆ ಮಾತ್ರೆ ತಿಂಗಳು ಪೂರ್ತಿ ಯಾಕೆ ಸಿಗುವುದಿಲ್ಲ ಅಂತ ಕೇಳಿ. ಇಬ್ಬರೂ ಕೇಳುವುದಿಲ್ಲ ಅಂತ ಗೊತ್ತು, ಆದರೂ ಹೇಳಿದೆ.

ತಮ್ಮಾ, ನಿನಗೂ ಒಂದು ಕೆಲಸ ಇದೆ. ನಿನ್ನ ಹೆಸರು ಇನ್ನೂ ಚಿಗವ್ವನ ರೇಷನ್ ಕಾರ್ಡಿನಲ್ಲೇ ಇದೆ. ಮೊದಲು ಅದನ್ನು ತೆಗೆಸು. ಚಿಗವ್ವ, ನಿಮ್ಮ ಆಧಾರ್‌ನಲ್ಲಿ ವಯಸ್ಸು ಸರಿ ಇದೆ, ನಾನು ನೋಡಿದ್ದೇನೆ. ಆಧಾರ್ ಮತ್ತು ಅದಕ್ಕೆ ಜೋಡಿಸಿದ ಮೊಬೈಲ್ ತಗೊಂಡು ಬನ್ನಿ, ಓಟಿಪಿ ಅದಕ್ಕೇ ಬರುತ್ತದೆ. ಬೆಳಿಗ್ಗೆ ಹತ್ತರ ಒಳಗೆ ಬನ್ನಿ, ಆಮೇಲೆ ಸರ್ವರ್ ಏಳುವುದಿಲ್ಲ.