ಪಿಂಪ್ರಿಯ ಪೆನಿಸಿಲಿನ್ ಕಾರ್ಖಾನೆಯು ಸ್ವಂತ ಔಷಧಗಳನ್ನು ಕಂಡುಹಿಡಿದಿತ್ತೇ?

ಪ್ರಶ್ನೆ (ತೀರ್ಥಹಳ್ಳಿಯಿಂದ)

ಮಾನ್ಯರೇ, ನಮ್ಮ ತಾಲ್ಲೂಕಿನ ಹಳೆಯ ಆಸ್ಪತ್ರೆಗಳ ಕುರಿತು ಸ್ಮರಣ ಸಂಚಿಕೆಯೊಂದಕ್ಕೆ ಲೇಖನ ಬರೆಯುತ್ತಿದ್ದೇನೆ. ಪೆನಿಸಿಲಿನ್ ಚುಚ್ಚುಮದ್ದು ಬಂದ ಮೇಲೆ ನ್ಯುಮೋನಿಯಾದಿಂದಲೂ ಬಾಣಂತಿ ನಂಜಿನಿಂದಲೂ ಸಾಯುವವರು ಕಡಿಮೆಯಾದರೆಂದು ಹಿರಿಯರು ಹೇಳುತ್ತಾರೆ. ಪುಣೆಯ ಬಳಿಯ ಪಿಂಪ್ರಿಯಲ್ಲಿ ಸರ್ಕಾರ ಸ್ಥಾಪಿಸಿದ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸಂಸ್ಥೆ ಬೆಳೆದ ಬಗೆ ಹೇಗೆ? ಅದು ಹೊರದೇಶದ ಔಷಧಗಳನ್ನು ಇಲ್ಲಿ ತಯಾರಿಸಿತಷ್ಟೆಯೋ, ಹೊಸದನ್ನೂ ಕಂಡುಹಿಡಿಯಿತೋ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಶಿವಮೊಗ್ಗ, ನಿವೃತ್ತ ಫಾರ್ಮಸಿಸ್ಟ್)

ಸ್ವಾತಂತ್ರ್ಯ ಬಂದಾಗ ನಮ್ಮ ದೇಶ ಪೆನಿಸಿಲಿನ್‌ಗಾಗಿ ಆಮದನ್ನೇ ನಂಬಿಕೊಂಡಿತ್ತು. ಮುಂಬಯಿಯ ಹಾಫ್‌ಕಿನ್ ಸಂಸ್ಥೆಯ ನಿರ್ದೇಶಕರಾಗಿದ್ದು, ಬಳಿಕ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಉನ್ನತ ಹುದ್ದೆ ವಹಿಸಿದ ಸಾಹಿಬ್ ಸಿಂಗ್ ಸೋಖಿ ಅವರು, ಇಂತಹ ಔಷಧ ನಮ್ಮಲ್ಲಿಯೇ ಸರ್ಕಾರದ ಕಾರ್ಖಾನೆಯಲ್ಲಿ ತಯಾರಾಗಬೇಕೆಂದು ಬಲವಾಗಿ ವಾದಿಸಿದವರು. ವಿಶ್ವ ಆರೋಗ್ಯ ಸಂಸ್ಥೆಯ ತಾಂತ್ರಿಕ ನೆರವು ಮತ್ತು ಯುನಿಸೆಫ್ ಒದಗಿಸಿದ ಯಂತ್ರೋಪಕರಣಗಳಿಂದ 1954ರಲ್ಲಿ ಪಿಂಪ್ರಿಯ ಸಂಸ್ಥೆ ರೂಪುಗೊಂಡಿತು; ಮರುವರ್ಷವೇ ಅಲ್ಲಿ ಪೆನಿಸಿಲಿನ್ ಉತ್ಪಾದನೆ ಆರಂಭವಾಯಿತು. ಮಲೇರಿಯಾದ ವಿರುದ್ಧ ಬಳಸುವ ಡಿ.ಡಿ.ಟಿ.ಯನ್ನು ತಯಾರಿಸಲು ದೆಹಲಿಯಲ್ಲಿ ಸ್ಥಾಪನೆಯಾದ ಕಾರ್ಖಾನೆಗೂ ಇದೇ ಎರಡು ಸಂಸ್ಥೆಗಳ ಬೆಂಬಲವಿತ್ತು. ಮಲೇರಿಯಾದಿಂದ ಊರಿಗೆ ಊರೇ ಹಾಸಿಗೆ ಹಿಡಿಯುತ್ತಿದ್ದ ಮಲೆನಾಡಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಪೆನಿಸಿಲಿನ್ ತಯಾರಿಕೆಯನ್ನು ಪುಸ್ತಕ ಓದಿ ಕಲಿಯುವುದು ಸಾಧ್ಯವಿರಲಿಲ್ಲ. ಸಾವಿರಾರು ಲೀಟರ್ ಹಿಡಿಯುವ ಉಕ್ಕಿನ ತೊಟ್ಟಿಯಲ್ಲಿ ಪೆನಿಸಿಲಿನ್ ಸ್ರವಿಸುವ ಬೂಷ್ಟನ್ನು ಬೆಳೆಸುತ್ತಾ, ಸೂಕ್ಷ್ಮಜೀವಿಗಳನ್ನು ಸೋಸಿ ತೆಗೆದ ಗಾಳಿಯನ್ನು ಹಗಲಿರುಳೂ ತಳದಿಂದ ಹಾಯಿಸುತ್ತಿರಬೇಕು. ಕವಾಟವೊಂದು ಸಡಿಲವಾಗಿ ಬೇರೆ ಬ್ಯಾಕ್ಟೀರಿಯಾ ಒಳಹೊಕ್ಕರೆ, ಅದು ಸ್ರವಿಸುವ ಕಿಣ್ವವು ತೊಟ್ಟಿಯಲ್ಲಿರುವ ಪೆನಿಸಿಲಿನ್ನೆಲ್ಲವನ್ನೂ ನಾಶಮಾಡಿಬಿಡಬಲ್ಲದು. ಈ ಕೌಶಲ ಕೈವಶವಾದದ್ದೇ ಸಂಸ್ಥೆಯ ನಿಜವಾದ ಬಂಡವಾಳವೆಂದು ನಾನು ಭಾವಿಸುತ್ತೇನೆ. 1960ರ ದಶಕದಲ್ಲಿ ಕ್ಷಯರೋಗದ ಸ್ಟ್ರೆಪ್ಟೊಮೈಸಿನ್ ಕೂಡ ಅಲ್ಲಿ ತಯಾರಾಗತೊಡಗಿತು. 1981ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಸಂಸ್ಥೆಯಲ್ಲಿಯೂ ಪಿಂಪ್ರಿಯ ಪಾಲುದಾರಿಕೆಯಿತ್ತು.

ಉತ್ತರ 2 (ಸಾಗರ, ಸಸ್ಯರೋಗ ಶಾಸ್ತ್ರದ ಅಧ್ಯಾಪಕ)

ಹೊಸ ಔಷಧಗಳ ವಿಷಯಕ್ಕೆ ಬಂದರೆ, ಕನ್ನಡಿಗರು ಮರೆಯಬಾರದ ಹೆಸರು ಎಂ. ಜೆ. ತಿರುಮಲಾಚಾರ್ ಅವರದು. 1914ರಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಅವರು ಮೂಲತಃ ಶಿಲೀಂಧ್ರ ಶಾಸ್ತ್ರಜ್ಞರು. ಮೈಸೂರು ಸೀಮೆಯ ಗಿಡಗಳ ತುಕ್ಕು ರೋಗಗಳನ್ನು ಅಭ್ಯಾಸ ಮಾಡಿದವರು. ಎಲೆಯ ಮೇಲಿನ ಕಲೆಯನ್ನು ನೋಡಿ ಶಿಲೀಂಧ್ರವನ್ನು ಗುರುತಿಸಬಲ್ಲ ವಿಜ್ಞಾನಿಯೊಬ್ಬರು ಔಷಧ ಕಾರ್ಖಾನೆಯ ಸಂಶೋಧನಾ ವಿಭಾಗದ ಮುಖ್ಯಸ್ಥರಾದದ್ದರಿಂದಲೇ, ಆ ವಿಭಾಗ ಮಣ್ಣಿನ ಸೂಕ್ಷ್ಮಜೀವಿಗಳತ್ತ ಅಷ್ಟು ಆಸ್ಥೆಯಿಂದ ನೋಡಿತು. ಪಿಂಪ್ರಿಯ ಮಣ್ಣಿನಲ್ಲೇ ದೊರೆತ ಸ್ಟ್ರೆಪ್ಟೊಮೈಸಿಸ್ ಜಾತಿಯ ಜೀವಿಯೊಂದರಿಂದ ಅವರ ತಂಡ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ಬೇರ್ಪಡಿಸಿ 1961ರಲ್ಲಿ ಪ್ರಕಟಿಸಿತು. ಬಾಯಿಯೊಳಗೆ ಬಿಳಿ ಪೊರೆ ಕಟ್ಟುವಂತಹ ಕ್ಯಾಂಡಿಡಾ ಸೋಂಕುಗಳಿಗೆ ಅದನ್ನು ಮೇಲೆ ಲೇಪಿಸುವ ಔಷಧವಾಗಿ ಬಳಸಿದರು. ಡರ್ಮೊಸ್ಟಾಟಿನ್, ಆ್ಯಂಟಿಅಮೀಬಿನ್ ಮತ್ತು ಬೆಳೆಗಳಿಗಾಗಿ ತಯಾರಿಸಿದ ಆರಿಯೋಫಂಗಿನ್ ಕೂಡ ಅದೇ ಪ್ರಯೋಗಾಲಯದಿಂದ ಹೊರಬಂದವು. ಹೊಸದಾಗಿ ಸ್ವತಂತ್ರವಾದ ದೇಶದ ಸರ್ಕಾರಿ ಕಾರ್ಖಾನೆಯೊಂದು ಕೆಲವೇ ವರ್ಷಗಳಲ್ಲಿ ಇಷ್ಟನ್ನು ಸಾಧಿಸಿದ್ದು ಹೆಮ್ಮೆಯ ಸಂಗತಿ.

ಪ್ರಶ್ನಿಸಿದವರು (ತೀರ್ಥಹಳ್ಳಿ)

ಇಬ್ಬರಿಗೂ ಧನ್ಯವಾದಗಳು. ಸರ್, ಅಡಿಕೆ ಬೆಳೆಗಾರನಾಗಿ ಇನ್ನೊಂದು ಪ್ರಶ್ನೆ ಕೇಳಬೇಕೆನಿಸುತ್ತದೆ. ಬೆಳೆಗೂ ಬಳಸಬಹುದಾದ ಇಂತಹ ಶಿಲೀಂಧ್ರನಾಶಕ ನಮ್ಮಲ್ಲಿಯೇ ತಯಾರಾಗಿದ್ದರೂ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸುವ ಕೊಳೆರೋಗಕ್ಕೆ ಇಂದಿಗೂ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣವನ್ನೇ ನಂಬಿದ್ದೇವಲ್ಲ, ಏಕೆ?

ಉತ್ತರ 2 (ಸಾಗರ)

ಹ್ಯಾಮೈಸಿನ್, ಆರಿಯೋಫಂಗಿನ್ ಎರಡೂ ಪಾಲಿಯೀನ್ ಎಂಬ ವರ್ಗಕ್ಕೆ ಸೇರಿದವು. ಈ ವರ್ಗದ ಔಷಧಗಳು ಶಿಲೀಂಧ್ರದ ಜೀವಕೋಶದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ವಸ್ತುವಿಗೆ ಅಂಟಿಕೊಂಡು ಪೊರೆಯನ್ನು ಕೆಡಿಸುತ್ತವೆ. ಆದರೆ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ನಿಜವಾದ ಶಿಲೀಂಧ್ರವಲ್ಲ. ಆ ವಸ್ತುವನ್ನು ಅದು ತಯಾರಿಸುವುದೇ ಇಲ್ಲ. ಆದ್ದರಿಂದ ಪಾಲಿಯೀನ್‌ಗಳಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ರೋಗ ತಗುಲಿದ ಕಾಯಿಯಿಂದ ಫೈಟಾಫ್ತೊರವನ್ನು ಮಾತ್ರ ಬೆಳೆಸಬೇಕಾದಾಗ, ಬೇರೆ ಬೂಷ್ಟುಗಳು ಬಾರದಂತೆ ಪಿಮಾರಿಸಿನ್ ಎಂಬ ಮತ್ತೊಂದು ಪಾಲಿಯೀನನ್ನೇ ಪ್ರಯೋಗಾಲಯದ ಮಾಧ್ಯಮಕ್ಕೆ ಬೆರೆಸುವುದುಂಟು.

ತಾಮ್ರದ ರೀತಿ ಬೇರೆ. ಗೊನೆಯ ಮೇಲೆ ಕುಳಿತ ತಾಮ್ರದ ಪದರವು ಮಳೆನೀರಿನಲ್ಲಿ ಈಜಿ ಬರುವ ಬೀಜಾಣುಗಳನ್ನು ಒಳಹೋಗುವ ಮೊದಲೇ ಕೊಲ್ಲುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಈ ರೋಗವನ್ನು ವಿವರವಾಗಿ ಅಧ್ಯಯನ ಮಾಡಿ ಬಳಕೆಗೆ ತಂದ ಬೋರ್ಡೋ ದ್ರಾವಣ ಇಂದಿಗೂ ನಿಂತಿರುವುದು ಇದೇ ಕಾರಣಕ್ಕೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಪ್ರಮಾಣದಲ್ಲಿ ತಯಾರಿಸಿ ಮಳೆಗಾಲ ಹಿಡಿಯುವ ಮೊದಲೊಮ್ಮೆ, ಸುಮಾರು 40 ದಿನಗಳ ಬಳಿಕ ಮತ್ತೊಮ್ಮೆ ಹೊಡೆಯಿರಿ. ಹೊಡೆಯುವ ಮುನ್ನ ಉಜ್ಜಿ ಹೊಳಪಿಸಿದ ಕತ್ತಿಯ ತುದಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಿ; ಕಬ್ಬಿಣದ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದೆಂದು ತಿಳಿದು, ಅದು ಕೂರದಂತಾಗುವವರೆಗೆ ಸುಣ್ಣದ ತಿಳಿ ಸೇರಿಸಬೇಕು.